ಕೊಳೆ

ಹಿಂಬಾಕಿ ಕೈಗೆ ಬಂದ ತಿಂಗಳು ತರಿಸಿದ್ದು.
ರಟ್ಟಿನ ಪೆಟ್ಟಿಗೆಯಲ್ಲಿ ಒಂದು ತಗಡಿನ ಡಬ್ಬಿ,
ಅದರೊಳಗೆ ಕಾಕಂಬಿಗಿಂತ ಮಂದವಾದ ಪಾಕ;
ಯೀಸ್ಟಿನ ಪೊಟ್ಟಣ, ನಲವತ್ತು ಮುಚ್ಚಳ,
ಬಕೀಟಿನ ನೆತ್ತಿಗೆ ಸಿಕ್ಕಿಸಲು ಅಂಕುಡೊಂಕು ಕೊಳವೆ,
ಮತ್ತೆ ಹತ್ತಿಯಲ್ಲಿ ಸುತ್ತಿದ ಗಾಜಿನ ಕಡ್ಡಿ.
ಈ ಕಡ್ಡಿಯನ್ನು ಬಲ್ಲೆ.
ಅಬಕಾರಿ ಕಛೇರಿಯ ಬೀರುವಿನಲ್ಲಿರುವ
ಇಂಥದ್ದೇ ಒಂದಕ್ಕೆ
ಹತ್ತೊಂಬತ್ತು ವರ್ಷದಿಂದ ಆಯುಧಪೂಜೆಯ ದಿನ
ಒರೆಸಿ ಕುಂಕುಮ ಇಡುವವನು ನಾನೇ.

"ಹಿಡಿಯೋರೂ ನಿಮ್ಮೋರೇ, ಕುಡಿಯೋರೂ ನಿಮ್ಮೋರೇ,
ಇನ್ನು ಮಾಡೋರೂ ನೀವೇ ಆಗ್ಬೇಕಿತ್ತಾ?"
ಅಂದಳು ವಿನೋದಾ. ಅಂದು,
ಮದುವೆಯಲ್ಲಿ ಬಂದ ದೊಡ್ಡ ಪಾತ್ರೆಯನ್ನು
ಅಟ್ಟದಿಂದ ಇಳಿಸಿ ಕೊಟ್ಟಳು.

ಹದಿನೆಂಟರಿಂದ ಇಪ್ಪತ್ತೆರಡು ಡಿಗ್ರಿಯಲ್ಲಿ ಇಡಿ,
ಎಂದಿತ್ತು ಚೀಟಿಯಲ್ಲಿ.
ಸುಭಾಷ್ ನಗರದ ಶೀಟಿನ ಮನೆಗೆ
ಯಾವ ಮಾಸದಲ್ಲೂ ಸಲ್ಲದ ಮಾತು.
ಬಚ್ಚಲಲ್ಲಿ, ಹಿಂದೆ ಹಂಡೆ ಇದ್ದ ಮೂಲೆಯಲ್ಲಿ
ಬಕೀಟಿಗೆ ಒದ್ದೆ ಗೋಣಿ ಸುತ್ತಿ ಕೂರಿಸಿದೆ.
ಜ್ವರದ ಕೂಸಿಗೆ ಮಾಡುವ ಹಾಗೆ
ಎದ್ದೆದ್ದು ಹೋಗಿ ನೀರು ಚಿಮುಕಿಸಿದೆ.

ಎರಡನೇ ರಾತ್ರಿ ಕೊಳವೆ ಬಾಯಿಬಿಟ್ಟಿತು.
ಗುಳುಕ್.
ಸುಮಾರು ಹೊತ್ತು ಸುಮ್ಮನಿತ್ತು.
ಗುಳುಕ್, ಗುಳುಕ್.
ಗೋಡೆಯಾಚೆಯಿಂದ ಚನ್ನಾಜಮ್ಮ:
"ಅದೇನ್ಲಾ ಯೋಗ, ರಾತ್ರಿಯೆಲ್ಲ ಗುಳುಗುಳು ಅಂತದೆ,
ಕಪ್ಪೆಗಿಪ್ಪೆ ಸೇರ್ಕಂಡದಾ?"
"ನಲ್ಲಿ ವಾಷರ್ ಹೋಗದೆ ಕಣಜ್ಜಿ."
ವಾಸನೆಯ ಅಂಜಿಕೆ ಇರಲಿಲ್ಲ.
ಕಾರ್ಖಾನೆ ಕಬ್ಬು ಅರೆಯುವ ದಿನಗಳು,
ಊರಿಗೂರೇ ಹುಳಿದೇಗು ತೇಗುತ್ತಿತ್ತು.

ಅದೇ ವಾರ ಕಛೇರಿಯಲ್ಲಿ
ಗೆದ್ದಲು ಮುಗಿಸುವ ಮೊದಲು ಹಳೇ ವಹಿಗಳ ಪಟ್ಟಿ ಮಾಡಬೇಕೆಂದು
ಮೇಲಿನಿಂದ ಆದೇಶ.
ಅರವತ್ತಮೂರನೇ ಇಸವಿಯ ಮೊಕದ್ದಮೆ ಪುಸ್ತಕ,
ಪುಟ ನೂರಾ ಹನ್ನೆರಡು:

ಸಣ್ಣತಾಯಮ್ಮ ಕೋಂ ಲೇಟ್ ಮರಿಗೌಡ,
ಸಾಕಿನ್ ಕೀಲಾರ, ವಯಸ್ಸು ಸುಮಾರು ಮೂವತ್ತು.
ಬೆಲ್ಲದ ಕೊಳೆ, ಎರಡು ಕೊಡ.
ಪಂಚರ ಸಮಕ್ಷಮ ಸ್ಥಳದಲ್ಲೇ ಚೆಲ್ಲಿದೆ.
ಮಡಕೆ ಒಡೆದಿದೆ.
ದಂಡ ಇಪ್ಪತ್ತೈದು, ತಪ್ಪಿದರೆ ಏಳು ದಿನ ಸಜಾ.
ತಪ್ಪಿದೆ.

ಕೆಳಗೆ ನೇರಳೆ ಹೆಬ್ಬೆಟ್ಟು,
ಗೆರೆ ಎಣಿಸಬಹುದು.

ನಮ್ಮಪ್ಪನ ಅವ್ವ.
ಅವನಿಗೆ ಒಂಬತ್ತು ವರ್ಷವಿದ್ದಾಗ
ಅವಳು ಒಂದು ವಾರ ತವರಿಗೆ ಹೋಗಿದ್ದಳಂತೆ,
ಹೇಳದೆ ಕೇಳದೆ.
ತಂಗಿಯನ್ನು ಬರಿಗೈಯಲ್ಲಿ ಕಳಿಸಿದ ಎಂದು
ಅಪ್ಪ ಸಾಯುವ ತನಕ
ಸೋದರಮಾವನ ಮನೆಯ ನೀರು ಮುಟ್ಟಲಿಲ್ಲ.

ಚೀಟಿಯಲ್ಲಿ ಈ ರಸಕ್ಕೆ ಏನೋ ಹೆಸರಿತ್ತು,
ಎರಡು ಸಲ ಓದಿದರೂ ನಾಲಗೆಗೆ ಹತ್ತಲಿಲ್ಲ.
ವಹಿಯ ಪ್ರಕಾರ ನಮ್ಮ ಬಚ್ಚಲಲ್ಲಿ ಕೂತಿರುವುದು
ಕೊಳೆ, ಇಪ್ಪತ್ತು ಲೀಟರ್.
ಪಂಚರು: ವಿನೋದಾ, ಒಂದು ಹಲ್ಲಿ.

ಹನ್ನೆರಡನೇ ದಿನ ಗಾಜಿನ ಕಡ್ಡಿ
ಇನ್ನಷ್ಟು ಮುಳುಗಿ ನಿಂತಿತು.
ಗುಜರಿ ನಯಾಜ್ ಕೊಟ್ಟ ಶೀಶೆಗಳನ್ನು
ಬಿಸಿನೀರಲ್ಲಿ ಅದ್ದಿ ತೆಗೆದು ತುಂಬಿದೆ.
ತಲಾ ಒಂದು ಚಮಚ ಸಕ್ಕರೆ ಅಂದಿದ್ದರು;
ಕೈ ಯಾಕೋ ಬೆಲ್ಲದ ಡಬ್ಬಕ್ಕೆ ಹೋಯಿತು,
ಅಳತೆಯೂ ಸ್ವಲ್ಪ ಜಾರಿತು.

ಒಂದು ಶೀಶೆ ನಡುರಾತ್ರಿ ಸಿಡಿಯಿತು.
ಉಳಿದವುಗಳಲ್ಲಿ ಮೊದಲನೆಯದನ್ನು
ಭಾನುವಾರ ಹಿತ್ತಲಲ್ಲಿ ತೆರೆದೆ.
ನೊರೆ ಉಕ್ಕಿತು, ಕಂಠಕ್ಕೆ ಹೆಬ್ಬೆಟ್ಟು ಒತ್ತಿದೆ,
ಸಂದಿಯಿಂದ ಚಿಮ್ಮಿ ಮೊಣಕೈವರೆಗೂ ಇಳಿಯಿತು.
ಒತ್ತಿಕೊಂಡೇ ನಿಂತಿದ್ದೆ,
ಬೇಕಾದ್ದಕ್ಕಿಂತ ಹೆಚ್ಚು ಹೊತ್ತು.

"ಬಾರ್ಲಿ ಗಂಜಿಗೆ ಸಿಟ್ಟು ಬಂದಂಗದೆ,"
ಎಂದಳು ವಿನೋದಾ, ಲೋಟ ಕೆಳಗಿಡದೆ.

ಗೋಡೆಯಾಚೆಯಿಂದ, ಅಷ್ಟರಲ್ಲಿ:
"ವಾಷರ್ ಹಾಕ್ಸ್‌ಬುಟ್ಟಾ ಯೋಗ?"
"ಊಂ ಕಣಜ್ಜಿ."
"ಹಂಗೇ ಬುಟ್ಟಿದ್ರಾಯ್ತಿತ್ತು ಕಲಾ.
ನಾಕು ದಿವ್ಸದಿಂದ ನಿದ್ದೆ ಹತ್ತಾ ಇಲ್ಲ."